ಸವೆದ ಹಳಿಯೆಲ್ಲ ಗುಜರಿಯಲ್ಲ

ರೈಲಿಗೆ ಕಾಯುವಾಗ ಪ್ಲಾಟ್‌ಫಾರ್ಮ್‌ನ ತುದಿಯವರೆಗೂ ನಡೆದು ಹೋಗುವ ಚಟ ನನಗೆ. ಮೊನ್ನೆ ಹಾಗೆ ಹೋದಾಗ ಕಿತ್ತು ಪೇರಿಸಿಟ್ಟ ಹಳೇ ಹಳಿಗಳು ಕಂಡವು. ನಡುಭಾಗದಲ್ಲಿ ಉಬ್ಬಕ್ಷರಗಳು: ತಯಾರಾದ ವರ್ಷ, ಮೀಟರಿಗೆ ಎಷ್ಟು ತೂಕ, ಎಲ್ಲ. ತಲೆಯ ಒಂದು ಅಂಚು ಉಜ್ಜುಗೊರಡು ಹಾಕಿದ ಹಾಗೆ ಓರೆಯಾಗಿ ಸವೆದಿತ್ತು. ಇನ್ನೊಂದು ಅಂಚು ಮಾತ್ರ ಹೊಸದರಂತೆ ದುಂಡಗೇ ಇತ್ತು. ಪಕ್ಕದಲ್ಲಿ ನಿಂತವರು, "ಗುಜರಿಗೆ ಹೋಗುತ್ತೆ ಬಿಡಿ ಸಾರ್, ಕರಗಿಸ್ತಾರೆ" ಅಂದರು.

ಆ "ಬಿಡಿ"ಯ ಮೇಲೇ ನನ್ನ ತಕರಾರು.

ಕರಗಿಸುವುದು ತಪ್ಪಲ್ಲ, ಆದರೆ ಅದು ಕೊನೆಗೆ ಮಾಡುವ ಕೆಲಸ. ಮೀಟರಿಗೆ 60 ಕೆಜಿ ತೂಗುವ ಹಳಿ ಅಂದರೆ ಎರಡೂ ಬದಿಯ ಹಳಿ ಸೇರಿ ಒಂದು ಕಿಲೋಮೀಟರ್ ದಾರಿಗೆ 120 ಟನ್ ಉಕ್ಕು. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯಲು ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಳೇ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಇದು ತುಂಬಾ ಕಡಿಮೆ, ನಿಜ. ಆದರೆ ಕರಗಿಸದೇ ಇದ್ದರೆ ಅದೂ ಉಳಿಯುತ್ತದಲ್ವಾ?

ತಿರುವಿನಲ್ಲಿ ಹೊರಗಿನ ಹಳಿಯ ಒಳಅಂಚನ್ನು ಚಕ್ರ ತಿನ್ನುತ್ತದೆ. ಆ ಹಳಿಯನ್ನು ತಿರುಗಿಸಿ ಹಾಕಿದರೆ ಸವೆಯದ ಅಂಚು ಕೆಲಸಕ್ಕೆ ಬರುತ್ತದೆ. ಮುಖ್ಯ ದಾರಿಗೆ ಸಾಲದ ಹಳಿ, ನಿಧಾನ ಗಾಡಿ ಓಡುವ ಕವಲು ದಾರಿಗೋ ಯಾರ್ಡಿಗೋ ಧಾರಾಳ ಸಾಕು. ಬೋಲ್ಟಿನ ತೂತುಗಳಿಂದ ಬಿರುಕು ಹೊರಡುತ್ತದೆ ಅಂತ ಆ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಬೆಸೆದು ಉದ್ದದ ಹಳಿ ಮಾಡುತ್ತಾರೆ. ಇದರಲ್ಲಿ ಜುಗ್ಗತನಕ್ಕೆ ಜಾಗವಿಲ್ಲ. ಕಣ್ಣಿಗೆ ಕಾಣುವ ಸವೆತಕ್ಕಿಂತ ಕಾಣದ ಬಿರುಕೇ ಜಾಸ್ತಿ ಅಪಾಯ. ಶಬ್ದದ ಅಲೆ ಹಾಯಿಸಿ ಒಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ತುಂಡು ನೇರ ಕುಲುಮೆಗೇ ಹೋಗಬೇಕು.

ಇದಕ್ಕೂ ಮೊದಲು ಹಳಿ ಬೇಗ ಸವೆಯದ ಹಾಗೆ ನೋಡಿಕೊಳ್ಳಬೇಕು. ತಿರುವಿನಲ್ಲಿ ಗ್ರೀಸ್ ಹಚ್ಚಿದರೆ ಅರ್ಧ ಜಗಳ ಮುಗಿದಂತೆ. ಹಳಿಯ ತಲೆ ಉಜ್ಜುವ ಯಂತ್ರವೂ ಇದೆ. ಹೊಸದರಲ್ಲಿ ನನಗೆ ಅದು ವಿಚಿತ್ರ ಅನಿಸಿತ್ತು. ಸವೆಯಬಾರದು ಅಂತ ಸವೆಸುವುದೇ? ಆದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇರುವಾಗಲೇ ಮಿಲಿಮೀಟರಿನ ಸಣ್ಣ ಭಾಗ ಉಜ್ಜಿ ತೆಗೆದರೆ ಅದು ಆಳಕ್ಕೆ ಇಳಿಯುವುದಿಲ್ಲ.

ಜಲ್ಲಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚೂಪು ಮೂಲೆಗಳಿರುವ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿರುತ್ತವೆ. ರೈಲಿನ ಭಾರಕ್ಕೆ ಮೂಲೆ ಮುರಿದು ಪುಡಿಯಾಗುತ್ತದೆ, ಆ ಪುಡಿ ನೀರು ಇಳಿಯಲು ಬಿಡುವುದಿಲ್ಲ. ಕೆಸರು ಮೇಲೆ ಚಿಮ್ಮಿ, ಹಳಿಯ ಕೆಳಗೆ ಅಡ್ಡಲಾಗಿ ಹಾಕಿರುವ ದಿಮ್ಮಿ, ಅಂದರೆ ಸ್ಲೀಪರ್, ಕುಣಿಯತೊಡಗುತ್ತದೆ, ಹಳಿ ಹಾಳಾಗುತ್ತದೆ. ಹಳಿಯಡಿಯಿಂದಲೇ ಜಲ್ಲಿ ಬಾಚಿ, ಜರಡಿ ಹಿಡಿದು, ಗಟ್ಟಿ ಕಲ್ಲನ್ನು ಅಲ್ಲೇ ವಾಪಸ್ ಹಾಕುವ ಯಂತ್ರಗಳಿವೆ. ಹಾಗೆ ಉಳಿದ ಪ್ರತಿ ಲೋಡ್ ಜಲ್ಲಿಗೂ ಎಲ್ಲೋ ಒಂದು ಗುಡ್ಡದಲ್ಲಿ ಅಷ್ಟು ಸಿಡಿತ ಕಡಿಮೆ.

ಆದರೆ "ಮರುಬಳಕೆ" ಅಂದ ಕೂಡಲೇ ಖುಷಿಪಡುವವರಿಗೆ ಒಂದು ಮಾತು. ಹಳೇ ಮರದ ಸ್ಲೀಪರ್‌ಗಳಿಗೆ ಸಾಮಾನ್ಯವಾಗಿ ಕ್ರಿಯೊಸೋಟ್ ಕುಡಿಸಿರುತ್ತಾರೆ. ಕಲ್ಲಿದ್ದಲು ಡಾಂಬರಿನಿಂದ ಬರುವ ಎಣ್ಣೆ ಅದು, ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿವೆ. ಬಿಸಿಲಿಗೆ ವಾಸನೆ ಬರುತ್ತದೆ, ಕೈಗೆ ಅಂಟುತ್ತದೆ. ಅದರಲ್ಲಿ ಬೆಂಚು, ಟೇಬಲ್ ಮಾಡಿ ಫೋಟೊ ಹಾಕುವವರನ್ನು ಕಂಡರೆ ನನಗೆ ಸಂಕಟ. ಒಲೆಗಂತೂ ಹಾಕಲೇಬಾರದು.

ಗೆಳೆಯರೊಬ್ಬರು ತರಕಾರಿ ಪಾತಿಗೆ ಅಂಚು ಕಟ್ಟಲು ಹಳೇ ಸ್ಲೀಪರ್ ಹುಡುಕುತ್ತಿದ್ದರು. "ಮರದ್ದು ಬೇಡ, ಕಾಂಕ್ರೀಟಿನದಾದರೆ ತಗೊಳ್ಳಿ" ಅಂದೆ. ಒಂದೊಂದೂ 250 ಕೆಜಿಯ ಆಸುಪಾಸು ತೂಗುತ್ತದೆ ಅಂತ ಗೊತ್ತಾದ ಮೇಲೆ, "ಸುಮ್ನೆ ನಾಲ್ಕು ಕಲ್ಲು ಇಟ್ಕೋತೀನಿ" ಅಂದರು.