ರೋಸ್‌ಮೇರಿ ಮೂಸಿ, ಪಾಸಾಗಿ

ಆ ರೋಸ್‌ಮೇರಿ ವಿಡಿಯೋ ನಿಮಗೂ ಬಂದಿರಬೇಕು. ರೋಸ್‌ಮೇರಿ ಅಂದರೆ ಅಡುಗೆಗೂ ಹಾಕುವ ಒಂದು ಘಮಘಮ ಎಲೆಯ ಗಿಡ. ಅದರ ಎಣ್ಣೆ ಮೂಸಿದರೆ ನೆನಪಿನ ಶಕ್ತಿ ಬರುತ್ತದೆ, ಗಮನ ನಿಲ್ಲುತ್ತದೆ, ಮಗ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗುತ್ತಾನೆ. ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗಂತೂ ಒಬ್ಬರಾದ ಮೇಲೊಬ್ಬರು ಹಾಕಿದರು. ಹಾಕಿದ್ದು ನೆನಪಿಲ್ಲದೆ ಕೆಲವರು ಮತ್ತೆ ಹಾಕಿದರು.

ಸ್ವಲ್ಪ ದಿನಗಳ ಹಿಂದೆ ಇದೇ ಎಣ್ಣೆ ಕೂದಲು ಬೆಳೆಸಲು ಬಂದಿತ್ತು. ಕಲಬುರಗಿ ಗಂಡಸರ ತಲೆ ನೋಡಿ ಕೈಚೆಲ್ಲಿತೋ ಏನೋ, ಈಗ ಹೊರಗಿನ ಕೆಲಸ ಬಿಟ್ಟು ಒಳಗಿನ ಕೆಲಸ ಹಿಡಿದಿದೆ. "ಕರ್ಚೀಫಿಗೆ ಎರಡು ಹನಿ ಹಾಕಿ ಕೊಡ್ರಿ ಅಕ್ಕ, ಓದಿದ್ದೆಲ್ಲ ಪರೀಕ್ಷಾದಾಗ ನೆನಪಾಗ್ತದ" ಅನ್ನುತ್ತಾನೆ ಅಂಗಡಿಯವನು. ಓದದೇ ಇದ್ದದ್ದು? "ಅದಕ್ಕ ದೊಡ್ಡ ಬಾಟ್ಲಿ ಅದ ಅಲ್ರಿ."

ಸುಮ್ನೆ ನಗಬೇಡಿ, ಸಂಶೋಧನೆಯೂ ನಡೆದಿದೆ. ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದವರು 2003ರಲ್ಲಿ 144 ಜನರ ಮೇಲೆ ವಾಸನೆಯ ಪರೀಕ್ಷೆ ಮಾಡಿದ್ದರು. ರೋಸ್‌ಮೇರಿ ಮೂಸಿದವರ ನೆನಪು ಸುಧಾರಿಸಿತ್ತು. ಆದರೆ ನೆನಪು ಮಾಡಿಕೊಳ್ಳುವ ವೇಗ ಕಮ್ಮಿಯಾಗಿತ್ತು. ಅಂದರೆ ಉತ್ತರ ಗೊತ್ತಿರುತ್ತದೆ, ಬೆಲ್ ಹೊಡೆದ ಮೇಲೆ ಬರುತ್ತದೆ. 2012ರ ಇನ್ನೊಂದು ಅಧ್ಯಯನದಲ್ಲಿ ಸರಾಸರಿ 75 ವರ್ಷದ 28 ಹಿರಿಯರಿಗೆ ರೋಸ್‌ಮೇರಿ ಪುಡಿ ಕೊಟ್ಟರು. 750 ಮಿಲಿಗ್ರಾಂಗೆ ನೆನಪು ಚುರುಕಾಯಿತು. 6 ಗ್ರಾಂಗೆ ಇದ್ದದ್ದೂ ಹದಗೆಟ್ಟಿತು. ವಿಡಿಯೋದವರು ಮೊದಲ ಸಾಲು ಓದಿ ಮುಂದಿನದ್ದು ಮರೆತಿದ್ದಾರೆ. ಪಾಪ, ಅವರು ಮೂಸಿಲ್ಲ ಅನ್ಸುತ್ತೆ.

ಈ ಘಾಟಿನ ಮುಖ್ಯ ವಸ್ತುವಿನ ಹೆಸರು 1,8-ಸಿನಿಯೋಲ್. ಅದು ನೀಲಗಿರಿ ಎಣ್ಣೆಯಲ್ಲಿ ಇನ್ನೂ ಜಾಸ್ತಿ ಇದೆ. ನೆಗಡಿ ಬಂದಾಗೆಲ್ಲ ಅಜ್ಜಿ ಎದೆಗೆ ತಿಕ್ಕುತ್ತಿದ್ದಳಲ್ಲ, ಅದೇ. ಆ ಲೆಕ್ಕಕ್ಕೆ ನಮ್ಮ ಕ್ಲಾಸಿನಲ್ಲಿ ಸದಾ ಮೂಗು ಸೋರುತ್ತಿದ್ದ ಹುಡುಗ ರ್‍ಯಾಂಕ್ ಬರಬೇಕಿತ್ತು.

ಹಾಗಂತ ನಮ್ಮ ಕಡೆ ಮೊದಲು ನೆನಪಿನ ಶಕ್ತಿ ಇರಲಿಲ್ಲ ಅಂತಲ್ಲ. ಇತ್ತು, ಕಿಟಕಿಯಲ್ಲಿ. ಪರೀಕ್ಷೆಯ ದಿನ ಕಾಕಾ, ಮಾಮಾ, ದೊಡ್ಡಪ್ಪನ ಮಗ ಎಲ್ಲ ಕಂಪೌಂಡ್ ಹತ್ತಿ ಚೀಟಿ ಎಸೆಯುತ್ತಿದ್ದರು. ಇಡೀ ಬಳಗಕ್ಕೆ ಪೈಥಾಗೊರಸ್ ಪ್ರಮೇಯ ಬಾಯಿಪಾಠ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು ನೋಡಿ, ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಕೈತುಂಬ ಕೊಟ್ಟ ಮೇಲೆ. ಯಾದಗಿರಿ ಶೇ. 50.59 ತೆಗೆದು ಕೊನೆಗೆ ಕೂತಿತು. 2025ರಲ್ಲಿ ಕಲಬುರಗಿ ಶೇ. 42.43 ತೆಗೆದು, "ನೀವ್ ಮ್ಯಾಲೆ ಹೋಗ್ರಿ, ನಾವ್ ಕೂಡ್ತೀವಿ" ಎಂದು ಆ ಜಾಗ ಹಿಡಿಯಿತು. ನೆರೆಹೊರೆ ಅಂದಮೇಲೆ ಅಷ್ಟಾದರೂ ಬೇಡವೇ?

ನಮ್ಮ ಕಡೆ ಓದಿಗೆ ದುಡ್ಡು ಸುರಿದವರೂ ಇದ್ದರು. ಬೀದರಿಗೆ ಹೋದಾಗ ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ. ಅರ್ಧ ಬಿದ್ದಿದ್ದರೂ ಇವತ್ತಿನ ಹೊಸ ಕಟ್ಟಡಗಳಿಗಿಂತ ಗಟ್ಟಿ ಕಾಣುತ್ತದೆ. ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದ ಮನುಷ್ಯ, ಬಹಮನಿ ಸುಲ್ತಾನರ ಪ್ರಧಾನಿಯಾದ. 1472ರ ಹೊತ್ತಿಗೆ ಮೂರಂತಸ್ತಿನ ಶಾಲೆ ಕಟ್ಟಿಸಿದ. ಮೂರು ಸಾವಿರ ಹಸ್ತಪ್ರತಿ ಇದ್ದವಂತೆ. ಓದುವವರಿಗೆ ಊಟ, ವಸತಿ ಪುಕ್ಕಟೆ. ವ್ಯಾಪಾರಿಯಲ್ವಾ, ಅತ್ತರಿನ ಬಾಟಲಿ ಹಂಚಿ ಕೈತೊಳೆದುಕೊಳ್ಳಬಹುದಿತ್ತು. ತಿಳಿಯಲಿಲ್ಲ. ದೂರದೂರದಿಂದ ವಿದ್ವಾಂಸರನ್ನು ಕರೆಸಿದ. 1481ರಲ್ಲಿ ಒಂದು ಖೋಟಾ ಪತ್ರ ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಶಾಲೆಗೆ ಖರ್ಚು ಮಾಡುವವರಿಗೆ ಈ ಭಾಗದಲ್ಲಿ ಸನ್ಮಾನ ಹೀಗೇ.

ಮೊನ್ನೆ ಒಬ್ಬ ತಾಯಿ, ಈ ಎಣ್ಣೆ ಹಾಲಿಗೆ ಹಾಕಿ ಕುಡಿಸಬಹುದಾ ಎಂದು ಕೇಳುತ್ತಿದ್ದರು. ಬೇಡವ್ವ. ಅಡುಗೆಗೆ ಹಾಕುವ ಎಲೆ ಬೇರೆ, ಬಾಟಲಿಯ ಎಣ್ಣೆ ಬೇರೆ. ಅದರಲ್ಲಿ ಕರ್ಪೂರದ ಅಂಶ ಇರುತ್ತದೆ, ಮೂರ್ಛೆ ರೋಗ ಇರುವ ಮಗುವಿಗಂತೂ ಅಪಾಯ. ಆದರೆ ಆಕೆಯನ್ನು ಏನಂತ ಬೈಯೋದು? ಮಗಳ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ. ಅತಿಥಿ ಶಿಕ್ಷಕ ಬಂದಾಗ ಅರ್ಧ ವರ್ಷ ಮುಗಿದಿತ್ತು. ಹತ್ತಿ ಬಿಡಿಸುವಾಗ ಹುಡುಗಿ ಹೊಲಕ್ಕೆ ಹೋದಳು. ಪಕ್ಕದ ಮನೆಯವರು ಗುಳೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋದರು. ಹೇಳಿಕೊಡದ ಪಾಠ ಯಾವ ಎಣ್ಣೆಗೆ ನೆನಪಾಗಬೇಕು? ಮೇ ತಿಂಗಳು ಬಂದರೆ ಸಾಕು, ನಮ್ಮ ಮಕ್ಕಳೇ ದಡ್ಡರು ಎಂದು ಟಿವಿಯಲ್ಲಿ ಚರ್ಚೆ. ಕೇಳಿ ಕೇಳಿ ಸಾಕಾಗಿದೆ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಓದು, ನೌಕರಿಯಲ್ಲಿ ವಿಶೇಷ ಮೀಸಲು ಕೊಡುವ ಸಂವಿಧಾನದ 371ಜೆ ಕಲಂ ಜಾರಿಗೆ ಬಂದದ್ದು 2013ರಲ್ಲಿ. ಪ್ರತಿ ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಧ್ವಜ ಹಾರಿಸಿ ಭಾಷಣ ಮಾಡುವಾಗ ದೊಡ್ಡವರಿಗೆ ಖಾಲಿ ಹುದ್ದೆಗಳು ನೆನಪಾಗುತ್ತವೆ. 18ಕ್ಕೆ ಮರೆತುಹೋಗುತ್ತವೆ. ಆ ಫೈಲು ಇರುವ ಕೋಣೆಗೆ ಯಾರೋ ನೇರವಾಗಿ 6 ಗ್ರಾಮಿನ ಡೋಸೇ ಕೊಟ್ಟಿರಬೇಕು.