ಟಾರ್ಚಿಗೆ ಒಂದೇ ಸೆಲ್ ಸಾಕು

ಮಳೆ ಶುರುವಾಯಿತೆಂದರೆ ಪುಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡೇ ಮಾತು: ಯಾವ ಕೋಟೆ ಹತ್ತೋಣ, ಯಾವ ಟಾರ್ಚ್ ಕೊಳ್ಳೋಣ. ಮೊದಲನೆಯದು ರಾಜಗಡವೋ ಹರಿಶ್ಚಂದ್ರಗಡವೋ ಎಂದು ಹೇಗೋ ಬಗೆಹರಿಯುತ್ತದೆ. ಟಾರ್ಚಿನ ವಿಷಯಕ್ಕೆ ಬಂದರೆ ಎಲ್ಲರಿಗೂ ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದೇ ಚಿಂತೆ, ಒಳಗಿನ ಸೆಲ್ ಯಾವುದೆಂದು ಕೇಳುವವರಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೂ ಚಾರಣಕ್ಕೂ ಒಂದೇ ಲಿಥಿಯಂ ಸೆಲ್ಲಿನ ಟಾರ್ಚ್ ಸಾಕು. ಎರಡು ಮೂರು ಸೆಲ್‌ಗಳನ್ನು ಒಂದರ ಹಿಂದೊಂದು ತುಂಬುವ ಉದ್ದನೆಯ ಟಾರ್ಚನ್ನು ನಾನಂತೂ ಯಾರಿಗೂ ಕೊಡಿಸುವುದಿಲ್ಲ.

"ಏನು ತಮ್ಮಾ, ಸೆಲ್ಲಿಗೂ ಮಡಿ-ಮೈಲಿಗೆ ಮಾಡುತ್ತೀಯಾ?" ಎಂದು ಧಾರವಾಡದ ಕಡೆಯ ಹಿರಿಯರೊಬ್ಬರು ನಕ್ಕರು. ಅವರು ನಗುವುದು ಸಹಜವೇ. 1.5 ವೋಲ್ಟಿನ ಒಣ ಸೆಲ್‌ಗಳ ಕಾಲದಲ್ಲಿ ನಾವು ಮಾಡದ ಕಸರತ್ತಿಲ್ಲ. ಬೆಳಕು ಮಂಕಾದರೆ ಸೆಲ್ ತೆಗೆದು ಬಿಸಿಲಿಗಿಡುತ್ತಿದ್ದೆವು, ರೇಡಿಯೋದಿಂದ ಒಂದು ಕಿತ್ತು ಹೊಸದೊಂದರ ಜೊತೆ ಸೇರಿಸುತ್ತಿದ್ದೆವು. ಹೆಚ್ಚೆಂದರೆ ಸೆಲ್ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತಿತ್ತು. ಆ ಅಭ್ಯಾಸ ಕೈಬಿಟ್ಟಿಲ್ಲ, ಸೆಲ್ ಮಾತ್ರ ಬದಲಾಗಿದೆ.

ಈಗಿನ ಟಾರ್ಚ್‌ಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಲಿಥಿಯಂ ಸೆಲ್. ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಸುಮಾರು 2.5ಕ್ಕಿಂತ ಕೆಳಗೆ ಇಳಿಯಬಾರದು. ಒಂದು ಹೊಸ ಸೆಲ್, ಒಂದು ಹಳೆಯದು ಸಾಲಾಗಿ ಕೂತಿವೆ ಎನ್ನೋಣ. ಹಳೆಯದು ಮೊದಲು ಬರಿದಾಗುತ್ತದೆ. ಆದರೆ ಟಾರ್ಚ್ ಆರುವುದಿಲ್ಲ, ಏಕೆಂದರೆ ಅದರ ಸರ್ಕ್ಯೂಟಿಗೆ ಕಾಣುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಬಡಕಲು ಎತ್ತನ್ನು ಗಟ್ಟಿ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ ಅದು ಕುಸಿದರೂ ಗಾಡಿ ಅದನ್ನು ಎಳೆದುಕೊಂಡೇ ಹೋಗುತ್ತದಲ್ಲ, ಹಾಗೆ. ಗಟ್ಟಿ ಸೆಲ್ಲಿನ ಕರೆಂಟ್ ಬರಿದಾದ ಸೆಲ್ಲಿನ ಮೂಲಕವೇ ಹಾಯುತ್ತದೆ. ಅದರ ಪ್ಲಸ್-ಮೈನಸ್ ತಿರುಗುಮುರುಗಾಗುತ್ತದೆ, ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಿದರೆ ಒಳಗೇ ಶಾರ್ಟ್ ಆಗಿ ಕಾಯ್ದು ಅನಿಲ ಉಗುಳಬಹುದು. ಮಳೆನೀರು ಒಳಹೋಗದಿರಲೆಂದು ಟಾರ್ಚಿಗೆ ಹಾಕಿದ ರಬ್ಬರ್ ಉಂಗುರಗಳು ಆ ಅನಿಲವನ್ನೂ ಹೊರಬಿಡುವುದಿಲ್ಲ. ಎರಡೂ ಕಡೆ ಬಿಗಿದ ಅಲ್ಯೂಮಿನಿಯಂ ಕೊಳವೆಯೊಳಗೆ ಒತ್ತಡ ಏರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಚಾರ್ಜ್ ಮಾಡಲಾಗದ ಸಿಆರ್123ಎ ಲಿಥಿಯಂ ಸೆಲ್‌ಗಳನ್ನು ಹೊಸದು-ಹಳೆಯದು ಬೆರೆಸಿ ಹಾಕಿದಾಗಲೂ ವಿದೇಶಗಳಲ್ಲಿ ಟಾರ್ಚ್‌ಗಳು ಸಿಡಿದದ್ದುಂಟು.

ಒಂದೇ ಸೆಲ್ ಇದ್ದರೆ ಅದನ್ನು ತಿರುಗುಮುರುಗು ಮಾಡಲು ಪಕ್ಕದಲ್ಲಿ ಇನ್ನೊಂದಿಲ್ಲ. ಬರಿದಾದರೆ ಬೆಳಕು ಮಂಕಾಗುತ್ತದೆ, ಅಲ್ಲಿಗೆ ಮುಗಿಯಿತು. ಸೆಲ್ ತೀರಾ ಬರಿದಾಗದಂತೆ ತಡೆಯುವ ಪುಟ್ಟ ರಕ್ಷಣಾ ಸರ್ಕ್ಯೂಟ್ ತಳದಲ್ಲಿ ಇರುವ ಸೆಲ್ ಕೊಂಡರೆ ಇನ್ನೂ ಒಳ್ಳೆಯದು. ಅಂಥ ಸೆಲ್ ಮಾಮೂಲಿಗಿಂತ ಕೆಲವು ಮಿ.ಮೀ. ಹೆಚ್ಚು ಉದ್ದವಿರುತ್ತದೆ, ನಿಮ್ಮ ಟಾರ್ಚಿನಲ್ಲಿ ಹಿಡಿಸುತ್ತದೆಯೇ ನೋಡಿಕೊಳ್ಳಿ.

ಸೆಲ್ ಕೊಳ್ಳುವಾಗ ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ತಪಕೀರ್ ಗಲ್ಲಿಯಲ್ಲೇ ಆಗಲಿ, ಆನ್‌ಲೈನಿನಲ್ಲೇ ಆಗಲಿ, 18650ರ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ಬರೆದಿದ್ದರೆ ಹಾಗೇ ಕೆಳಗಿಡಿ. ಒಳ್ಳೆಯ ಕಂಪನಿಗಳ ಸೆಲ್‌ಗಳು ಬಹಳ ಕಾಲ 3500ರ ಆಸುಪಾಸಿನಲ್ಲೇ ನಿಂತಿದ್ದವು, ಈಗಲೂ ಅದಕ್ಕಿಂತ ತೀರಾ ಮುಂದೆ ಹೋಗಿಲ್ಲ. ಅನುಮಾನವಿದ್ದರೆ ತೂಗಿ. ಅಸಲಿ ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ಇರುತ್ತದೆ, 30 ಗ್ರಾಂ ಇದ್ದದ್ದು ಖಂಡಿತ ಡಬ್ಬಾ ಮಾಲು. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿ ಹೊಸ ಹೊದಿಕೆ ತೊಡಿಸಿದ ಸೆಲ್‌ಗಳು ತೂಕದಲ್ಲಿ ಪಾಸಾಗುತ್ತವೆ ಎಂಬುದೇ ತೊಂದರೆ. ಹಾಗಾಗಿ ನಂಬಿಕೆಯ ಅಂಗಡಿ ಬೇಕು.

ಆ ಬಣ್ಣದ ಹೊದಿಕೆ ಅಲಂಕಾರಕ್ಕಲ್ಲ. ಸೆಲ್ಲಿನ ಲೋಹದ ಮೈಯೆಲ್ಲ ಮೈನಸ್. ಪ್ಲಸ್ ಇರುವುದು ತಲೆಯ ಮೇಲಿನ ಪುಟ್ಟ ಟೊಪ್ಪಿಯಲ್ಲಿ ಮಾತ್ರ. ಹೊದಿಕೆ ಹರಿದ ಜಾಗಕ್ಕೂ ಆ ಟೊಪ್ಪಿಗೂ ಒಟ್ಟಿಗೆ ಮನೆಯ ಕೀಲಿ ತಗುಲಿದರೆ ಶಾರ್ಟ್ ಆಗಲು ಅಷ್ಟೇ ಸಾಕು. ಬಿಡಿ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ರಾತ್ರಿ ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗುವವರಿಗೆ ಏನು ಹೇಳಲಿ!

ಕೆಟ್ಟ ಸೆಲ್ಲನ್ನು ದಯವಿಟ್ಟು ಘಂಟಾಗಾಡಿಯ ಕಸಕ್ಕೆ ಎಸೆಯಬೇಡಿ. ಲಾರಿಯ ಯಂತ್ರ ಅದನ್ನು ಒತ್ತಿದರೆ ಬೆಂಕಿ ಹೊತ್ತಬಹುದು. ಅದಕ್ಕೂ ಮೊದಲು ಬರಿಗೈಯಲ್ಲಿ ಕಸ ಬೇರ್ಪಡಿಸುವ ಹೆಂಗಸೊಬ್ಬರು ಅದನ್ನು ಮುಟ್ಟುತ್ತಾರೆ. ಎರಡೂ ತುದಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

"ಎರಡು ಸೆಲ್ಲಿನದು ಹೆಚ್ಚು ಬೆಳಗುತ್ತದೆ" ಎಂದು ಕಮೆಂಟಿನಲ್ಲಿ ಬರೆಯಲು ಕಾದಿರುವವರಿಗೆ ಒಂದು ಮಾತು. ಆಷಾಢದ ಮಂಜಿನಲ್ಲಿ ರಾಜಗಡದ ದಾರಿಯಲ್ಲಿ ಸಾವಿರ ಲ್ಯೂಮೆನ್ (ಟಾರ್ಚ್ ಬೀರುವ ಬೆಳಕಿನ ಅಳತೆ) ಹೊತ್ತಿಸಿ ನೋಡಿ. ಬೆಳಕೆಲ್ಲ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸಾಗುತ್ತದೆ. ಅಲ್ಲಿ ಕಾಲ ಕೆಳಗಿನ ಕಲ್ಲು ಕಾಣಲು ನೂರಿನ್ನೂರು ಲ್ಯೂಮೆನ್ ಧಾರಾಳವಾಯಿತು, ಅಷ್ಟನ್ನು ಒಂದು ಸೆಲ್ ಗಂಟೆಗಟ್ಟಲೆ ಕೊಡುತ್ತದೆ.