ಹೃದಯಕ್ಕೇ "ಬಾಯಿ ಮುಚ್ಕೊಂಡಿರು" ಅಂದೋರು

2021ರ ಏಪ್ರಿಲ್ 3ಕ್ಕೆ ಈಜಿಪ್ಟಿನ ಕೈರೋದಲ್ಲಿ 22 ಮಮ್ಮಿಗಳಿಗೆ ಸರ್ಕಾರಿ ಮೆರವಣಿಗೆ ಆಯ್ತಲ್ಲ, 18 ರಾಜರು 4 ರಾಣಿಯರು, ತಹ್ರೀರ್ ಮ್ಯೂಸಿಯಂನಿಂದ ಫುಸ್ತಾತ್‌ನ ಹೊಸ ಮ್ಯೂಸಿಯಂಗೆ ಮನೆ ಶಿಫ್ಟಿಂಗು. ನೈಟ್ರೋಜನ್ ತುಂಬಿದ ಪೆಟ್ಟಿಗೆ, ದೊರೆಗಳಿಗೆ ಸೊಂಟ ನೋವು ಬರಬಾರದು ಅಂತ ಸ್ಪೆಷಲ್ ಗಾಡಿ, ರೋಡಿಗೆ ಹೊಸ ಟಾರು, 21 ತೋಪು, ಬಾಗಿಲಲ್ಲಿ ಪ್ರೆಸಿಡೆಂಟ್ ಸಿಸಿ ಖುದ್ದು ನಿಂತು ಸ್ವಾಗತ. ಹಿಂದಿನ ವಾರ ಸೂಯೆಜ್ ಕಾಲುವೇಲಿ ಹಡಗು ಸಿಕ್ಕಾಕೊಂಡಿದ್ದೂ ಇವರ ಶಾಪದಿಂದಲೇ ಅಂತ ಜನ ಆನ್‌ಲೈನಲ್ಲಿ ಬರೆದಿದ್ದೇ ಬರೆದಿದ್ದು. ಸತ್ತು 3000 ವರ್ಷ ಆದ್ಮೇಲೂ ಟ್ರಾಫಿಕ್ ನಿಲ್ಸೋ ತಾಕತ್ತು ಅಂದ್ರೆ ಸುಮ್ನೇನಾ!

ಆದ್ರೆ ಇವರ ಅಸಲಿ ಚಾಲಾಕಿತನ ಇರೋದು ಸತ್ತ ಮೇಲೆ ಹೋಗೋ ಆ ಲೋಕದ ಕೋರ್ಟಲ್ಲಿ. ಸತ್ತೋರ ದೇವರು ಒಸಿರಿಸ್ ದೊಡ್ಡ ಜಡ್ಜು, ಜೊತೆಗೆ ಇನ್ನೂ 42 ಜನ, ಒಬ್ಬೊಬ್ಬರ ಮುಂದೇನೂ "ನಾನು ಕದ್ದಿಲ್ಲ ಸ್ವಾಮಿ, ತೂಕದಲ್ಲಿ ಮೋಸ ಮಾಡಿಲ್ಲ ಸ್ವಾಮಿ" ಅಂತ ಒಪ್ಪಿಸ್ಬೇಕು, ಆಮೇಲೆ ಹೃದಯನ ತಕ್ಕಡೀಲಿಟ್ಟು ಸತ್ಯ-ನ್ಯಾಯದ ದೇವತೆ ಮಾತ್‌ಳ ಗರಿ ಎದುರಿಗೆ ತೂಗ್ತಾರೆ, ಪಾಪ ಜಾಸ್ತಿ ಆಗಿ ಭಾರ ಬಂತೋ, ಪಕ್ಕದಲ್ಲೇ ಆ ಹೃದಯ ನುಂಗೋಕೆ ಮೊಸಳೆ ಮುಖದ ಅಮ್ಮಿತ್ ಬಾಯಿ ಬಿಟ್ಕೊಂಡು ಕೂತಿರ್ತಾಳೆ. ಹೆಣ ರೆಡಿ ಮಾಡುವಾಗ ಮೆದುಳನ್ನ ಮೂಗಿಂದ ಕೊಕ್ಕೆ ಹಾಕಿ ಎಳೆದು ಬಿಸಾಕ್ತಿದ್ರು, ಅದ್ಯಾವ ಉಪಯೋಗಕ್ಕೂ ಇಲ್ಲ ಅಂತ (ಕೆಲವರ ವಿಷಯದಲ್ಲಿ ಸರಿನೇ ಇರಬಹುದು). ಹೃದಯ ಮಾತ್ರ ಜೋಪಾನ, ಯಾಕಂದ್ರೆ ಅದೇ ಮುಖ್ಯ ಸಾಕ್ಷಿ. ಸಾಕ್ಷಿ ಅಂದ್ಮೇಲೆ ತಿರುಗಿಸ್ಬೇಕಲ್ವಾ? ಎದೆ ಮೇಲೊಂದು ಕಲ್ಲಿನ ಜೀರುಂಡೆ ಇಡೋರು, ಅದರ ಹೊಟ್ಟೆ ಮೇಲೆ ಮಂತ್ರ ಕೆತ್ತಿರೋದು: ಎಲೈ ನನ್ನ ಹೃದಯವೇ, ಕೋರ್ಟಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ಮಂತ್ರದ ಸುರುಳಿಗಳೂ ರೆಡಿಮೇಡ್ ಸಿಗ್ತಿತ್ತು, ಹೆಸರಿನ ಜಾಗ ಖಾಲಿ, ದುಡ್ಡು ಕೊಟ್ಟೋನ ಹೆಸರು ತುಂಬಿದ್ರೆ ಆಯ್ತು. ಅಲ್ಲಿ ಹೊಲ ಉಳೋಕೆ ಕರೆದ್ರೆ "ನಾನಿದೀನಿ" ಅಂತ ಓಡೋಕೆ ಗೊಂಬೆ ಆಳುಗಳು ಬೇರೆ, ತುತಾಂಖಾಮನ್ ಒಬ್ಬನಿಗೇ 413.

ಗೊಂಬೆಗಳಿಗೆ ಕೂಲಿ ಕೊಡೋ ರಗಳೆ ಇಲ್ಲ. ಜೀವಂತ ಆಳುಗಳಿಗೂ ಇಲ್ಲ ಅಂದ್ಕೊಂಡಿದ್ರೋ ಏನೋ. ಮೆರವಣಿಗೇಲಿ ಹೋದನಲ್ಲ ಮೂರನೇ ರಾಮ್ಸೆಸ್, ಅವನ ಆಳ್ವಿಕೆಯ 29ನೇ ವರ್ಷದಲ್ಲಿ ರಾಜರ ಸಮಾಧಿ ಕೊರೆಯೋ ಕೆಲಸಗಾರರಿಗೆ ಕಾಳಿನ ರೇಷನ್ನೇ ಬರಲಿಲ್ಲ. ಡೇರ್ ಅಲ್ ಮದೀನಾ ಅನ್ನೋ ಕೆಲಸಗಾರರ ಊರಿನ ಆ ಜನ ಕೆಲಸ ಬಿಟ್ಟು ದೇವಸ್ಥಾನಗಳ ಹಿಂದೆ ಹೋಗಿ ಕೂತ್ರು, ಹಸಿವು ಬಾಯಾರಿಕೆ ತಾಳಲಾರದೆ ಬಂದಿದೀವಿ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಅಂತ. ದಾಖಲೆ ಇರೋ ಮುಷ್ಕರಗಳಲ್ಲಿ ಇದೇ ಮೊದಲನೇದು. ರಾಜ ಸತ್ತ ಮೇಲಿನ ಅರಮನೆಗೆ ಬಜೆಟ್ ಇತ್ತು, ಅದನ್ನ ಕೊರೆಯೋನ ಈ ತಿಂಗಳ ಗೋಧಿಗೆ ಇರಲಿಲ್ಲ.

ಇನ್ನು ಮೆರವಣಿಗೆಯ ಕೊನೇ ಗಾಡಿ, ಒಂಬತ್ತನೇ ರಾಮ್ಸೆಸ್. ಇವನ ಕಾಲದಲ್ಲಿ ಅಮೆನ್‌ಪನೂಫೆರ್ ಅನ್ನೋ ಕಲ್ಲುಕುಟಿಗ ಗ್ಯಾಂಗ್ ಕಟ್ಕೊಂಡು ಹಳೇ ರಾಜನೊಬ್ಬನ ಗೋರಿಗೇ ಕನ್ನ ಹಾಕಿದ. ಸಿಕ್ಕಿಬಿದ್ದಾಗ ತನ್ನ ಪಾಲಿನ 20 ದೆಬೆನ್ (ಆಗಿನ ತೂಕದ ಅಳತೆ) ಚಿನ್ನ ಗುಮಾಸ್ತನ ಕೈಗಿಟ್ಟ, ಬಿಡುಗಡೆ! ಗೆಳೆಯರು ಪಾಪ ಅಂತ ಅವನಿಗೆ ಇನ್ನೊಂದು ಪಾಲು ಕೊಟ್ರು, ಎಲ್ಲಾ ಸೇರಿ ಮತ್ತೆ ಕೆಲಸಕ್ಕೆ ಹೊರಟ್ರು. ಇದು ನಾನು ಕಟ್ಟಿದ್ದಲ್ಲ, ಅವನದೇ ಹೇಳಿಕೆ ಪಪೈರಸ್‌ನಲ್ಲಿದೆ.

ಥೀಬ್ಸ್‌ನ ಪೂರ್ವ ದಂಡೆಯ ಮೇಯರ್ ಪಾಸೆರ್ ಇದನ್ನೆಲ್ಲಾ ಎತ್ತಿ ಸಮಾಧಿಗಳಿರೋ ಪಶ್ಚಿಮ ದಂಡೆಯ ಮೇಯರ್ ಪವೆರಾ ಮೇಲೆ ಬೆರಳು ತೋರಿಸಿದ. ತನಿಖಾ ಸಮಿತಿ ಬಂತು, 10 ರಾಜರ ಸಮಾಧಿ ನೋಡಿದ್ರು, ಲೂಟಿ ಆಗಿದ್ದು ಒಂದೇ. ಅಕ್ಕಪಕ್ಕದ ಸಾಧಾರಣ ಜನರ ಸಮಾಧಿಗಳು? ಎಲ್ಲಾ ಒಡೆದು ಹೆಣಗಳನ್ನ ಹೊರಗೆ ಎಸೆದಿದ್ರು ಅಂತ ಅದೇ ವರದೀಲಿದೆ, ಆದ್ರೆ ಒಟ್ಟಾರೆ ಪರಿಸ್ಥಿತಿ ತೃಪ್ತಿಕರ. ಆಮೇಲೆ ಪಶ್ಚಿಮದೋರು ಗುಂಪು ಕಟ್ಕೊಂಡು ಊರೆಲ್ಲಾ ವಿಜಯೋತ್ಸವ ಮಾಡಿ ದೂರು ಕೊಟ್ಟ ಪಾಸೆರ್ ಮನೆ ಹತ್ರನೇ ಹೋದ್ರು. ಅವನು ರೇಗಿ, ಇನ್ನೂ ಐದು ಆರೋಪ ಇದೆ, ಫೇರೋಗೇ ಬರೀತೀನಿ ಅಂದ. ಸ್ವಲ್ಪ ಕಾಲಕ್ಕೆ ದಾಖಲೆಗಳಲ್ಲಿ ಪಾಸೆರ್ ಹೆಸರು ಕಾಣೆ. ಪವೆರಾ ಕುರ್ಚಿ ಗಟ್ಟಿ.